ಸರದಿ ನೀರಿನ ಹೂಮಡಿ: ಬೊಟಾನಿಯಾದಲ್ಲಿ ತನ್ನಷ್ಟಕ್ಕೆ ನಡೆಯುವ ಹೂತೋಟ ಕಟ್ಟುವ ಬಗೆ

ಮೈನ್‌ಕ್ರಾಫ್ಟ್ ಆಟಕ್ಕೆ ಬೊಟಾನಿಯಾ ಮಾಡ್ (ಮಾಂತ್ರಿಕ ಹೂಗಳನ್ನು ಸೇರಿಸುವ ಹೆಚ್ಚುವರಿ ಜೋಡಣೆ) ಹಾಕಿಕೊಂಡವರೆಲ್ಲ ಒಂದಲ್ಲ ಒಂದು ದಿನ ಬಣ್ಣದ ದಳಗಳಿಗಾಗಿ ಕಾಡು ಸುತ್ತಿ ಸುಸ್ತಾಗುತ್ತಾರೆ. ಆಗ ಜೇಡೆಡ್ ಅಮರಾಂಥಸ್ ನೆನಪಾಗುತ್ತದೆ. ಮಾನಾ, ಅಂದರೆ ಬೊಟಾನಿಯಾದ ಮಾಂತ್ರಿಕ ಶಕ್ತಿ, ಕೊಟ್ಟರೆ ಸುತ್ತಲಿನ ಮಣ್ಣಿನಲ್ಲಿ ತಾನೇ ಮಿಸ್ಟಿಕಲ್ ಹೂ (ದಳ ಕೊಡುವ ಬಣ್ಣದ ಹೂ) ಅರಳಿಸುವ ಗಿಡ ಅದು. ಅದನ್ನು ನೆಟ್ಟು, ಪಕ್ಕದಲ್ಲಿ ಉರುವಲು ಸುಟ್ಟು ಮಾನಾ ಮಾಡುವ ನಾಲ್ಕು ಎಂಡೋಫ್ಲೇಮ್ ಹೂ ಇಟ್ಟು, ಕಲ್ಲಿದ್ದಲು ಎಸೆದರೆ ಮೊದಲ ದಿನ ಹೂವೋ ಹೂವು. ಮೂರನೇ ದಿನ ಕಲ್ಲಿದ್ದಲು ಮುಗಿದು ತೋಟ ನಿಂತಿರುತ್ತದೆ. ಕಾರಣ ಸರಳ: ಖರ್ಚಿನ ಲೆಕ್ಕವನ್ನೇ ಯಾರೂ ಹಾಕಿರುವುದಿಲ್ಲ.

ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯವರಿಗೆ ಈ ಲೆಕ್ಕ ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಎಲ್ಲರಿಗೂ ಎಲ್ಲ ಹೊತ್ತೂ ನೀರು ಬಿಟ್ಟರೆ ಕೊನೆ ಭಾಗದ ಹೊಲ ಒಣಗುತ್ತದೆ. ಸರದಿ ಮಾಡಿದರೆ ಅದೇ ನೀರು ಸಾಲುತ್ತದೆ. ಇಲ್ಲಿ ಹೇಳುವ ತೋಟ ನಿಂತಿರುವುದೂ ಸರದಿಯ ಮೇಲೆಯೇ. ಒಂದು ಸರದಿಯಲ್ಲಿ ಮಡಿ ಒಣಗಿದ್ದು ಹೂ ಬಿಡುತ್ತದೆ. ಮುಂದಿನ ಸರದಿಯಲ್ಲಿ ನೀರು ನಿಂತು ಹೂವನ್ನು ಕೊಚ್ಚಿಕೊಂಡು ಬರುತ್ತದೆ, ಅಷ್ಟರಲ್ಲಿ ಮುಂದಿನ ಬೆಳೆಗೆ ಬೇಕಾದ ಮಾನಾ ಕೂಡಿಕೊಂಡಿರುತ್ತದೆ. ಉರುವಲು ಬಿದಿರು. ಅದನ್ನು ಒಮ್ಮೆ ನೆಟ್ಟರೆ ಮತ್ತೆ ನೆಡಬೇಕಿಲ್ಲ, ಕುಲುಮೆಯಲ್ಲಿ ಸುಡಬೇಕಿಲ್ಲ. ಬಿದಿರು ಬೇಕಾದ್ದರಿಂದ ಆಟದ ಆವೃತ್ತಿ 1.14 ಅಥವಾ ಅದಕ್ಕಿಂತ ಹೊಸದಿರಬೇಕು, ಜಾವಾ ಎಡಿಷನ್ ಆಗಿರಬೇಕು.

ಮೊದಲು ಲೆಕ್ಕ

ಆಟದ ಗಡಿಯಾರ ಸೆಕೆಂಡಿಗೆ 20 ಟಿಕ್ ಓಡುತ್ತದೆ, ಟಿಕ್ ಎಂದರೆ ಅದರ ಒಂದು ಹೆಜ್ಜೆ. ಎಂಡೋಫ್ಲೇಮ್ ತನಗೆ ಸಿಕ್ಕ ಉರುವಲನ್ನು ಕುಲುಮೆ ಉರಿಸುವ ಅರ್ಧದಷ್ಟು ಹೊತ್ತು ಉರಿಸಿ, ಪ್ರತಿ 2 ಟಿಕ್‌ಗೆ 3 ಮಾನಾ ಕೊಡುತ್ತದೆ. ಕಲ್ಲಿದ್ದಲು ಕುಲುಮೆಯಲ್ಲಿ 1600 ಟಿಕ್ ಉರಿಯುವುದರಿಂದ ಇಲ್ಲಿ 800 ಟಿಕ್, ಅಂದರೆ 1200 ಮಾನಾ. ಒಂದು ಬಿದಿರು ಕುಲುಮೆಯಲ್ಲಿ 50 ಟಿಕ್, ಇಲ್ಲಿ 25 ಟಿಕ್, ಸುಮಾರು 36 ಮಾನಾ. ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ವ್ಯಾಗನ್‌ಗಟ್ಟಲೆ ಬರುವ ಕಲ್ಲಿದ್ದಲಿನ ಮುಂದೆ ಬಿದಿರು ಕಡ್ಡಿಪುಳ್ಳೆಯೇ ಸರಿ. ಆದರೆ ಕಲ್ಲಿದ್ದಲನ್ನು ಅಗೆದು ತರಬೇಕು, ಬಿದಿರು ನಿಂತಲ್ಲೇ ಬೆಳೆಯುತ್ತದೆ.

ಎಷ್ಟು ಬೇಗ ಬೆಳೆಯುತ್ತದೆ? ಸರಾಸರಿ 4096 ಟಿಕ್‌ಗೆ, ಅಂದರೆ ಸುಮಾರು ಮೂರೂವರೆ ನಿಮಿಷಕ್ಕೆ ಒಂದು ಗೆಣ್ಣು. 64 ಬುಡ ಇದ್ದರೆ ಸರಾಸರಿ 64 ಟಿಕ್‌ಗೊಂದು ಬಿದಿರು ಕೈಗೆ ಬರುತ್ತದೆ.

ಈಗ ಖರ್ಚು. ಅಮರಾಂಥಸ್ 30 ಟಿಕ್‌ಗೊಮ್ಮೆ ಒಂದು ಹೂ ಅರಳಿಸಿ 100 ಮಾನಾ ತೆಗೆದುಕೊಳ್ಳುತ್ತದೆ. ಬಿಡುವಿಲ್ಲದೆ ಓಡಿದರೆ ಟಿಕ್‌ಗೆ 3.3 ಮಾನಾ. 64 ಬಿದಿರು ಕೊಡುವುದು ಟಿಕ್‌ಗೆ ಬರೀ 0.56. ತೋಟಗಳು ಸಾಯುವುದು ಈ ಅಂತರದಲ್ಲೇ. ಆದರೆ ಅಮರಾಂಥಸ್‌ಗೆ ಒಂದು ಒಳ್ಳೆಯ ಗುಣವಿದೆ: ಖಾಲಿ ಮಣ್ಣು ಸಿಗದಿದ್ದರೆ ಸುಮ್ಮನಿರುತ್ತದೆ, ಒಂದು ಹನಿ ಮಾನಾ ಮುಟ್ಟುವುದಿಲ್ಲ. ಹೂ ತುಂಬಿದ ಮಡಿಯಾಗಲಿ, ನೀರು ನಿಂತ ಮಡಿಯಾಗಲಿ, ಅದಕ್ಕೆ ಎರಡೂ ಬಿಡುವೇ.

ನಮ್ಮ ಮಡಿಯಲ್ಲಿ 53 ಹೂವಿಗೆ ಜಾಗ. ಒಂದು ಬೆಳೆಗೆ 5300 ಮಾನಾ, ಮಡಿ ತುಂಬಲು ಕನಿಷ್ಠ 80 ಸೆಕೆಂಡ್. ಐದು ನಿಮಿಷ ಒಣ ಸರದಿ, ಐದು ನಿಮಿಷ ನೀರಿನ ಸರದಿ ಎಂದಿಟ್ಟುಕೊಂಡರೆ ಹತ್ತು ನಿಮಿಷಕ್ಕೆ 64 ಬಿದಿರಿನಿಂದ 6750 ಮಾನಾ ಬರುತ್ತದೆ. ಉಳಿಯುವ 1450 ಲಾಭವೆಂದು ಎಣಿಸಬೇಡಿ. ಬಿದಿರು ಬೆಳೆಯುವುದು ಅದೃಷ್ಟದ ಮೇಲೆ, ಒಂದಿಷ್ಟು ಪಿಸ್ಟನ್ (ಬಿದಿರನ್ನು ತಳ್ಳಿ ಮುರಿಯುವ ಬ್ಲಾಕ್) ಮೇಲೆ ಬಿದ್ದು ಹಾಳಾಗುತ್ತದೆ. ಅದಕ್ಕೆಂದೇ ಇಟ್ಟ ಪಾಲು ಅದು.

64 ಬುಡ ನೆಡಲು ಆಗದಿದ್ದರೆ ಚಿಂತೆಯಿಲ್ಲ. 300ನ್ನು ಬಿದಿರಿನ ಬುಡಗಳ ಸಂಖ್ಯೆಯಿಂದ ಭಾಗಿಸಿ, ಮೇಲಿನ ಪೂರ್ಣ ಸಂಖ್ಯೆಗೆ ಏರಿಸಿ. ಒಂದು ಸರದಿ ಅಷ್ಟು ನಿಮಿಷ. 64ಕ್ಕೆ 5, 32ಕ್ಕೆ 10, 16ಕ್ಕೆ 19. ಬೆಳೆ ನಿಧಾನವಾಗುತ್ತದೆ, ತೋಟ ನಿಲ್ಲುವುದಿಲ್ಲ.

ಹೂಮಡಿ

ಅಗಲ 9, ಉದ್ದ 8 ಬ್ಲಾಕಿನ ಸಮತಟ್ಟಾದ ಜಾಗ ಮಾಡಿ, ಸುತ್ತ ಕಲ್ಲಿನ ಬದು ಕಟ್ಟಿ. ಉದ್ದದ ಮೊದಲ ಸಾಲು ಕಲ್ಲಿನ ನೆಲ, ನೀರು ಬೀಳುವುದು ಅಲ್ಲಿ. ನಂತರದ 6 ಸಾಲು ಮಣ್ಣು. ಕೊನೆಯ ಸಾಲಿನ ನೆಲಕ್ಕೆ ಮಣ್ಣಿನ ಬದಲು 9 ಹಾಪರ್ (ಮೇಲೆ ಬಿದ್ದದ್ದನ್ನು ಹೀರಿ ಮೂತಿಯಿಂದ ಸಾಗಿಸುವ ಬ್ಲಾಕ್), ಒಂದರಿಂದೊಂದಕ್ಕೆ ಮೂತಿ ಜೋಡಿಸಿ ಪಕ್ಕದ ಪೆಟ್ಟಿಗೆಗೆ ಕಟ್ಟಿ. ನೀರು ಬಿದ್ದ ಜಾಗದಿಂದ 7 ಬ್ಲಾಕ್ ಮಾತ್ರ ಹರಿಯುತ್ತದೆ. ಹಾಗಾಗಿ ಮಣ್ಣು 6, ಹಾಪರ್ 1. ಆಸೆಪಟ್ಟು ಮಣ್ಣನ್ನು 7 ಸಾಲು ಮಾಡಿದರೆ ನೀರು ಹಾಪರ್ ತಲುಪುವುದಿಲ್ಲ, ಅಂಚಿನಲ್ಲೇ ನಿಂತ ಹೂ 5 ನಿಮಿಷಕ್ಕೆ ಮಾಯವಾಗುತ್ತದೆ. ಕಾಲುವೆಯ ಕೊನೆ ಭಾಗದ ಗೋಳು ಇಲ್ಲೂ ಇದೆ.

ಅಮರಾಂಥಸ್ ನಾಲ್ಕೂ ಕಡೆ 4 ಬ್ಲಾಕ್ ವರೆಗೆ ಹೂ ಬಿಡುತ್ತದೆ. ಆದ್ದರಿಂದ ಅದು ಅಗಲದ ನಟ್ಟನಡುವೆ, ಐದನೇ ಕಂಬಸಾಲಿನಲ್ಲಿ, ಮಣ್ಣಿನ ಮೂರನೇ ಸಾಲಿನಲ್ಲಿರಲಿ. ಆದರೆ ನೆಲಮಟ್ಟದಲ್ಲಿ ನೆಡಬೇಡಿ. ನೀರು ಮಿಸ್ಟಿಕಲ್ ಹೂವನ್ನೂ ಅಮರಾಂಥಸನ್ನೂ ಬೇರೆ ಬೇರೆ ಎಂದು ನೋಡುವುದಿಲ್ಲ, ಮೊದಲ ಸರದಿಯಲ್ಲೇ ಅದನ್ನೂ ಪೆಟ್ಟಿಗೆಗೆ ಸೇರಿಸುತ್ತದೆ. ಅಲ್ಲಿ ಒಂದು ಮಣ್ಣಿನ ಬ್ಲಾಕ್ ಏರಿಸಿ ದಿಬ್ಬ ಮಾಡಿ, ದಿಬ್ಬದ ಮೇಲೆ ನೆಡಿ. ನೀರು ಅದರ ಎರಡೂ ಬದಿಯಿಂದ ಹರಿದು ಹೋಗುತ್ತದೆ.

ಮಡಿಯ ಸುತ್ತ, ಮೇಲೆ ಕೆಳಗೆ ನಾಲ್ಕೈದು ಬ್ಲಾಕ್‌ನೊಳಗೆ ಬೇರೆಲ್ಲೂ ಬರಿ ಮಣ್ಣು, ಹುಲ್ಲು ಇರಬಾರದು. ಇದ್ದರೆ ಅಲ್ಲೂ ಹೂ ಬರುತ್ತದೆ, ಪ್ರತಿ ಹೂವಿಗೂ 100 ಮಾನಾ ಹೋಗುತ್ತದೆ, ನೀರು ಅಲ್ಲಿಗೆ ತಲುಪುವುದಿಲ್ಲ. ಬದುವಿನ ಮೇಲೆ ಹೂ ಕಂಡರೆ ಅಲ್ಲಿ ಮಣ್ಣು ಉಳಿದಿದೆ ಎಂದೇ ಅರ್ಥ.

ತೂಬು: ಒಂಬತ್ತು ಡಿಸ್ಪೆನ್ಸರ್

ಕಲ್ಲಿನ ಸಾಲಿನ ಹಿಂದೆ 9 ಡಿಸ್ಪೆನ್ಸರ್, ಮುಖ ಮಡಿಯ ಕಡೆ. ಪ್ರತಿಯೊಂದರಲ್ಲಿ ಒಂದೊಂದು ನೀರಿನ ಬಕೆಟ್. ಒಂದು ರೆಡ್‌ಸ್ಟೋನ್ (ಆಟದೊಳಗಿನ ವಿದ್ಯುತ್) ಮಿಡಿತಕ್ಕೆ ಡಿಸ್ಪೆನ್ಸರ್ ನೀರು ಸುರಿಯುತ್ತದೆ, ಮುಂದಿನ ಮಿಡಿತಕ್ಕೆ ಅದೇ ನೀರನ್ನು ಬಕೆಟ್‌ಗೆ ಎಳೆದುಕೊಳ್ಳುತ್ತದೆ. ಹಿಂದೆ ಉದ್ದಕ್ಕೂ ಗಟ್ಟಿ ಬ್ಲಾಕ್ ಇಟ್ಟು, ಅವುಗಳ ಮೇಲೆ ರೆಡ್‌ಸ್ಟೋನ್ ಪುಡಿ ಎಳೆದು, ನಡುವೆ ಪುಡಿಗೆ ತಾಗಿ ಒಂದು ಹವರಿಂಗ್ ಅವರ್‌ಗ್ಲಾಸ್ ಇಡಿ. ಬೊಟಾನಿಯಾದ ಈ ಮರಳು ಗಡಿಯಾರದಲ್ಲಿ ಸಾದಾ ಮರಳಿಗೆ 1 ಸೆಕೆಂಡ್, ಕೆಂಪು ಮರಳಿಗೆ 10 ಸೆಕೆಂಡ್, ಸೋಲ್ ಸ್ಯಾಂಡ್‌ಗೆ 1 ನಿಮಿಷ. 5 ಸೋಲ್ ಸ್ಯಾಂಡ್ ಹಾಕಿದರೆ 5 ನಿಮಿಷಕ್ಕೊಂದು ಮಿಡಿತ. ಅಂದರೆ ಮೇಲಿನ ಲೆಕ್ಕದಲ್ಲಿ ಬಂದ ಸಂಖ್ಯೆಯಷ್ಟು ಸೋಲ್ ಸ್ಯಾಂಡ್ ಹಾಕಿದರೆ ಸಾಕು.

ಈ ಸಾಲಿನ ಒಳಗೆ ರಿಪೀಟರ್ (ಸಿಗ್ನಲ್ ಬಲಪಡಿಸಿ ತುಸು ತಡಮಾಡಿ ಕಳಿಸುವ ಬ್ಲಾಕ್) ಹಾಕಬೇಡಿ. ಇಡೀ ತೋಟದಲ್ಲಿ ಇದಕ್ಕಿಂತ ಹೆಚ್ಚು ಜನ ಮಾಡುವ ತಪ್ಪು ಇನ್ನೊಂದಿಲ್ಲ. ಅಕ್ಕಪಕ್ಕ ನೀರಿನ ಮೂಲವಿದ್ದರೆ ನಡುವಿನ ಖಾಲಿ ಜಾಗದಲ್ಲಿ ಹೊಸ ಮೂಲ ಹುಟ್ಟುವುದು ಆಟದ ನಿಯಮ. ಒಂಬತ್ತೂ ಒಂದೇ ಟಿಕ್‌ನಲ್ಲಿ ನೀರು ಎಳೆದುಕೊಂಡರೆ ತೊಂದರೆಯಿಲ್ಲ. ರಿಪೀಟರ್‌ನಿಂದ ಕೆಲವು ತಡವಾದರೆ ಎಳೆದುಕೊಂಡ ಜಾಗದಲ್ಲಿ ನೀರು ಮತ್ತೆ ಹುಟ್ಟುತ್ತದೆ. ಬಕೆಟ್ ತುಂಬಿದೆ, ನೆಲದ ಮೇಲೂ ನೀರಿದೆ, ಆ ಡಿಸ್ಪೆನ್ಸರ್ ಎದುರು ಒಣ ಸರದಿಯಲ್ಲೂ ನೀರು ನಿಂತಿರುತ್ತದೆ. ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 2024ರ ಆಗಸ್ಟ್‌ನಲ್ಲಿ ಹೋದದ್ದು 19ನೆಯದೊಂದೇ, ಆದರೂ ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತಲ್ಲ, ಇಲ್ಲೂ ಒಂದು ತೂಬು ತಪ್ಪಿದರೆ ಮಡಿ ಒಣಗುವುದೇ ಇಲ್ಲ. ಹಾಗಾದಾಗ ಗಡಿಯಾರದ ಮರಳು ತೆಗೆದು, ನಿಂತ ನೀರನ್ನೆಲ್ಲ ಕೈಯಿಂದ ಬಕೆಟ್‌ಗೆ ಎತ್ತಿ, ಒಂಬತ್ತರಲ್ಲೂ ನೀರಿನ ಬಕೆಟ್ ಇದೆಯೇ ನೋಡಿ, ಮತ್ತೆ ಶುರು ಮಾಡಿ.

ಪೆಟ್ಟಿಗೆ ತುಂಬಿದಾಗ ತೋಟ ತಾನೇ ನಿಲ್ಲಬೇಕು. ಇಲ್ಲದಿದ್ದರೆ ಪ್ರತಿ ಬೆಳೆಯ 5300 ಮಾನಾ ನೀರಿನಲ್ಲಿ ಕೊಳೆಯುತ್ತದೆ. ಡಿಸ್ಪೆನ್ಸರ್ ಓಡುವುದು ವಿದ್ಯುತ್ ಇಲ್ಲದ ಸ್ಥಿತಿಯಿಂದ ಇರುವ ಸ್ಥಿತಿಗೆ ಬದಲಾದಾಗ ಮಾತ್ರ. ಸದಾ ವಿದ್ಯುತ್ ಹರಿಯುತ್ತಿದ್ದರೆ ಗಡಿಯಾರ ಎಷ್ಟು ಮಿಡಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಹೂವಿನ ಕೊನೆಯ ಪೆಟ್ಟಿಗೆಗೆ ಕಂಪ್ಯಾರೇಟರ್ (ಪೆಟ್ಟಿಗೆ ತುಂಬಿದಷ್ಟೂ ಬಲವಾದ ಸಿಗ್ನಲ್ ಕೊಡುವ ಬ್ಲಾಕ್) ಹಚ್ಚಿ, ಅದರಿಂದ ಎಣಿಸಿ 14 ರೆಡ್‌ಸ್ಟೋನ್ ಪುಡಿ ಎಳೆದು, ತುದಿಗೆ ಒಂದು ರಿಪೀಟರ್ ಇಟ್ಟು ತೂಬಿನ ಸಾಲಿಗೆ ಸೇರಿಸಿ. ಈ ರಿಪೀಟರ್ ಸಾಲಿನ ಹೊರಗಿರುವುದರಿಂದ ಒಂಬತ್ತಕ್ಕೂ ಒಂದೇ ಹೊತ್ತಿಗೆ ತಲುಪುತ್ತದೆ, ತೊಂದರೆಯಿಲ್ಲ. ಪೆಟ್ಟಿಗೆ ಹೆಚ್ಚುಕಡಿಮೆ ತುಂಬಿದಾಗ ಮಾತ್ರ ಸಿಗ್ನಲ್ 14 ಪುಡಿ ದಾಟುತ್ತದೆ, ತೂಬು ಇದ್ದಲ್ಲೇ ನಿಲ್ಲುತ್ತದೆ. ಮಡಿ ಒದ್ದೆಯಾಗಿ ನಿಂತರೂ ಖರ್ಚಿಲ್ಲ, ಹೂ ತುಂಬಿ ನಿಂತರೂ ಖರ್ಚಿಲ್ಲ. ಪೆಟ್ಟಿಗೆ ಖಾಲಿ ಮಾಡಿದ ಕೂಡಲೇ ಸರದಿ ಮುಂದುವರಿಯುತ್ತದೆ.

ಬಿದಿರು ಮೆಳೆ

16 ಬುಡದ ನಾಲ್ಕು ಸಾಲು. ಒಂದು ಚಂಕ್ (ಆಟದ ಲೋಕದ ಒಂದು ತುಂಡು) 16 ಬ್ಲಾಕ್ ಉದ್ದವಿರುವುದರಿಂದ ಸಾಲು ಸರಿಯಾಗಿ ಅದರೊಳಗೆ ಕೂರುತ್ತದೆ. ಎಫ್3 ಹಿಡಿದು ಜಿ ಒತ್ತಿದರೆ ಚಂಕ್ ಗಡಿ ಕಾಣುತ್ತದೆ. ಬುಡ ಮೊದಲ ಮಟ್ಟ. ಎರಡನೇ ಮಟ್ಟದಲ್ಲಿ ಪ್ರತಿ ಬಿದಿರಿಗೂ ಒಂದು ಪಿಸ್ಟನ್, ಮುಖ ಬಿದಿರಿನ ಕಡೆ. ಪಿಸ್ಟನ್ ಬೆನ್ನಿಗೆ ಒಂದು ಗಟ್ಟಿ ಬ್ಲಾಕ್, ಆ ಬ್ಲಾಕ್ ಮೇಲೆ ಉದ್ದಕ್ಕೂ ರೆಡ್‌ಸ್ಟೋನ್ ಪುಡಿ. ಎದುರಿನ ಬದಲಾವಣೆ ಕಂಡು ಮಿಡಿತ ಕೊಡುವ ಅಬ್ಸರ್ವರ್ ಸಾಲಿಗೊಂದೇ ಸಾಕು: ನಡುವಿನ ಪಿಸ್ಟನ್ ಮೇಲೆ, ಮೂರನೇ ಮಟ್ಟದಲ್ಲಿ, ಕಣ್ಣು ಬಿದಿರಿನ ಕಡೆ, ಬೆನ್ನು ಪುಡಿಯ ಕಡೆ. ಆ ಒಂದು ಬಿದಿರು ಮೂರನೇ ಮಟ್ಟ ಮುಟ್ಟಿದರೆ ಸಾಲಿನ ಎಲ್ಲ ಪಿಸ್ಟನ್ ಒಟ್ಟಿಗೆ ಹೊಡೆಯುತ್ತವೆ. ಬೇರೆ ಬುಡಗಳು ಅಷ್ಟರಲ್ಲಿ ಇನ್ನೂ ಎತ್ತರ ಬೆಳೆದಿದ್ದರೆ ಮೇಲಿನದೆಲ್ಲ ಉದುರುತ್ತದೆ, ನಷ್ಟವಿಲ್ಲ. ಅಬ್ಸರ್ವರನ್ನು ಸಾಲಿನ ತುದಿಗೆ ಇಡಬೇಡಿ. ರೆಡ್‌ಸ್ಟೋನ್ 15 ಬ್ಲಾಕ್‌ಗೆ ಸಾಯುತ್ತದೆ, ಹದಿನಾರನೇ ಪಿಸ್ಟನ್ ಯಾವತ್ತೂ ಏಳುವುದಿಲ್ಲ.

ಉದುರಿದ ಬಿದಿರನ್ನು ಹೆಕ್ಕಲು ಬುಡದ ಮಣ್ಣಿನ ಕೆಳಗೆ ಹಳಿ ಹಾಸಿ ಹಾಪರ್ ಬಂಡಿ ಓಡಿಸಿ. ಅದು ಮಣ್ಣಿನ ಮೂಲಕವೇ ಮೇಲಿನದನ್ನು ಎಳೆದುಕೊಳ್ಳುತ್ತದೆ. ಬಂಡಿ ಓಡುತ್ತಿರಲು ಎರಡೂ ತುದಿಗೆ ಪವರ್ಡ್ ಹಳಿ, ಒಂದು ತುದಿಯ ಹಳಿಯ ಕೆಳಗೆ ಹಾಪರ್, ಅಲ್ಲಿಂದ ಉರುವಲು ಪೆಟ್ಟಿಗೆಗೆ. ಬಿದಿರು ಮರಳಿನಲ್ಲೂ ಬೆಳೆಯುತ್ತದಲ್ಲ ಎಂದು ಇಲ್ಲಿ ಮರಳು ಹಾಕಿದರೆ ಹಳಿಯ ಮೇಲೆ ಕುಸಿಯುತ್ತದೆ, ಮಣ್ಣೇ ಬೇಕು. ಪಿಸ್ಟನ್ ಎದುರಿಗೆ ಗಾಜಿನ ಗೋಡೆ ಕಟ್ಟಿದರೆ ಬಿದಿರು ದೂರ ಹಾರುವುದಿಲ್ಲ. ಛಾವಣಿ ಹಾಕಿದರೆ ಒಳಗೆ ಟಾರ್ಚ್ ಇಡಿ, ಬೆಳಕು 9ಕ್ಕಿಂತ ಕಡಿಮೆಯಾದರೆ ಬಿದಿರು ಬೆಳೆಯುವುದು ನಿಲ್ಲುತ್ತದೆ. ಮೆಳೆ ಹೂಮಡಿಯಿಂದ ದೂರವಿರಲಿ, ಇಲ್ಲದಿದ್ದರೆ ಅಮರಾಂಥಸ್ ಬಿದಿರಿನ ಪಕ್ಕದ ಮಣ್ಣಿಗೂ ಕೈ ಹಾಕುತ್ತದೆ.

ಒಲೆ

ಎಂಡೋಫ್ಲೇಮ್ ಮಾಡಲು ಪೆಟಲ್ ಅಪೊತೆಕರಿಯಲ್ಲಿ (ದಳ ಬೆರೆಸುವ ಬಾನಿ) ನೀರು ತುಂಬಿ 2 ಕಂದು ದಳ, 1 ಕೆಂಪು, 1 ತಿಳಿಬೂದು ಹಾಕಿ, ಕೊನೆಗೆ ಒಂದು ಬೀಜ ಎಸೆಯಿರಿ. ನಾಲ್ಕು ಹೂ ಬೇಕು. ಅಮರಾಂಥಸ್‌ಗೆ ರೂನ್ ಎಂಬ ಮಾಂತ್ರಿಕ ಕಲ್ಲು ಬೇಕಾಗುವುದರಿಂದ ಅದನ್ನು ಮಾಡುವ ರೂನಿಕ್ ಆಲ್ಟರ್ ಮೊದಲೇ ಇರಬೇಕು. ಅಮರಾಂಥಸ್‌ನ ಪಾಕ ನಿಮ್ಮ ಆವೃತ್ತಿಯ ಲೆಕ್ಸಿಕಾ ಬೊಟಾನಿಯಾ ಪುಸ್ತಕದಲ್ಲಿ ನೋಡಿ ಮಾಡಿ.

25 ಟಿಕ್‌ಗೊಂದು ಬಿದಿರು ತಿನ್ನುವ ಹೂವಿಗೆ 64 ಟಿಕ್‌ಗೊಂದು ಬಿದಿರು ಬಂದರೆ ಒಂದೇ ಎಂಡೋಫ್ಲೇಮ್ ಸಾಲದೇ? ಕಾಗದದ ಮೇಲೆ ಸಾಲುತ್ತದೆ. ಆದರೆ ಎಂಡೋಫ್ಲೇಮ್ ಆಗಷ್ಟೇ ಬಿದ್ದದ್ದನ್ನು ತಿನ್ನುವುದಿಲ್ಲ, ಉರುವಲು ಸ್ವಲ್ಪ ಹೊತ್ತು ನೆಲದ ಮೇಲೆ ಬಿದ್ದಿರಬೇಕು. ಬಿದಿರಿನಂಥ ಚುಟುಕು ಉರುವಲಿಗೆ ಉರಿಯುವ ಹೊತ್ತಿಗಿಂತ ಕಾಯುವ ಹೊತ್ತೇ ಹೆಚ್ಚು. ನಾಲ್ಕಿದ್ದರೆ ಬಿದ್ದದ್ದನ್ನು ಹಂಚಿಕೊಂಡು ಒಟ್ಟಿಗೆ ಮುಗಿಸುತ್ತವೆ.

ನೆಲದ ಮೇಲೆ ಮರದ ಪ್ರೆಶರ್ ಪ್ಲೇಟ್ ಒಂದನ್ನಿಡಿ. ಕಲ್ಲಿನ ಪ್ಲೇಟ್ ಬೇಡ, ಅದು ಕಾಲಿಟ್ಟವರನ್ನು ಮಾತ್ರ ಗುರುತಿಸುತ್ತದೆ, ಬಿದ್ದ ವಸ್ತುವನ್ನಲ್ಲ. ಪ್ಲೇಟ್‌ನ ನೇರ ಮೇಲೆ ಬೊಟಾನಿಯಾದ ಓಪನ್ ಕ್ರೇಟ್, ಒಳಗೆ ಬಂದದ್ದನ್ನು ಕೆಳಗೆ ಬೀಳಿಸುವ ಪೆಟ್ಟಿಗೆ. ಕ್ರೇಟ್‌ನ ಪಕ್ಕದಲ್ಲಿ, ಅದೇ ಮಟ್ಟದಲ್ಲಿ, ಕ್ರೇಟ್‌ನೊಳಕ್ಕೆ ಮೂತಿಯಿರುವ ಹಾಪರ್. ಹಾಪರ್ ಮೇಲೆ ಉರುವಲು ಪೆಟ್ಟಿಗೆ. ಪ್ಲೇಟ್‌ನಿಂದ ರೆಡ್‌ಸ್ಟೋನ್ ಪುಡಿಯನ್ನು ಸುತ್ತಿಸಿಕೊಂಡು ಹೋಗಿ, ಹಾಪರ್‌ನ ಬೆನ್ನ ಹಿಂದೆ ಒಂದು ಮೆಟ್ಟಿಲು ಏರಿಸಿ ಹಾಪರ್‌ಗೆ ಮುಟ್ಟಿಸಿ. ಪುಡಿಯ ಕೊನೆಯ ಗೆರೆ ಹಾಪರ್‌ಗೆ ನೆಟ್ಟಗೆ ಮುಖ ಮಾಡಿರಬೇಕು, ಪಕ್ಕದಲ್ಲಿ ಹಾದುಹೋದರೆ ಹಾಪರ್ ನಿಲ್ಲುವುದಿಲ್ಲ. ಬಿದಿರು ಪ್ಲೇಟ್ ಮೇಲೆ ಬಿದ್ದಾಗ ಹಾಪರ್ ಬಾಯಿ ಮುಚ್ಚುತ್ತದೆ, ಎಂಡೋಫ್ಲೇಮ್ ತಿಂದು ಮುಗಿಸಿದಾಗ ತೆರೆಯುತ್ತದೆ. ಮುಚ್ಚುವಷ್ಟರಲ್ಲಿ ಎರಡು ಮೂರು ಬಿದಿರು ಬೀಳುವುದುಂಟು, ಅದು ಸರಿಯೇ.

ಎಂಡೋಫ್ಲೇಮ್ ನಾಲ್ಕೂ ಪ್ಲೇಟ್‌ನಿಂದ 3 ಬ್ಲಾಕ್‌ನೊಳಗಿರಲಿ, ಅವುಗಳಿಂದ 6 ಬ್ಲಾಕ್‌ನೊಳಗೆ ಮಾನಾ ಸ್ಪ್ರೆಡರ್, ಅಂದರೆ ಮಾನಾವನ್ನು ದೂರಕ್ಕೆ ಎಸೆಯುವ ಬ್ಲಾಕ್. ಬೊಟಾನಿಯಾದ ಕೋಲಾದ ವ್ಯಾಂಡ್ ಆಫ್ ದಿ ಫಾರೆಸ್ಟ್ ಹಿಡಿದು, ಬಗ್ಗಿಕೊಂಡು ಸ್ಪ್ರೆಡರ್ ಮೇಲೆ ಬಲ ಕ್ಲಿಕ್ ಮಾಡಿ, ನಂತರ ಮಾನಾ ಕೂಡಿಡುವ ತೊಟ್ಟಿಯಾದ ಪೂಲ್ ಮೇಲೆ ಕ್ಲಿಕ್ ಮಾಡಿದರೆ ಸ್ಪ್ರೆಡರ್ ಅದರತ್ತ ತಿರುಗುತ್ತದೆ. ನಡುವೆ ಯಾವ ಬ್ಲಾಕೂ ಅಡ್ಡ ಬರಬಾರದು. ಮಾನಾ ಪೂಲ್ ಅಮರಾಂಥಸ್‌ನಿಂದ 10 ಬ್ಲಾಕ್‌ನೊಳಗಿರಬೇಕು. ಪೂರ್ಣ ಪೂಲ್ 10 ಲಕ್ಷ ಮಾನಾ ಹಿಡಿಯುತ್ತದೆ. 10,000 ಹಿಡಿಯುವ ಡೈಲ್ಯೂಟೆಡ್ ಪೂಲ್ ಇದ್ದರೂ ಈ ತೋಟಕ್ಕೆ ಧಾರಾಳ, ಹೆಚ್ಚುಕಡಿಮೆ ಎರಡು ಬೆಳೆಯ ಮಾನಾ ಅದರಲ್ಲಿರುತ್ತದೆ.

ಪೂಲ್ ತುಂಬಿದರೆ ಸ್ಪ್ರೆಡರ್ ಹೊಡೆಯುವುದಿಲ್ಲ. ಎಂಡೋಫ್ಲೇಮ್ ತನ್ನೊಳಗೆ 300 ಮಾನಾ ತುಂಬಿದ ಮೇಲೆ ಹೊಸ ಉರುವಲು ಮುಟ್ಟುವುದಿಲ್ಲ, ಪ್ಲೇಟ್ ಮೇಲಿನ ಬಿದಿರು ಹಾಗೇ ಬಿದ್ದಿದ್ದು ಹಾಪರ್ ಮುಚ್ಚಿರುತ್ತದೆ. ಆ ಬಿದಿರು 5 ನಿಮಿಷಕ್ಕೊಮ್ಮೆ ಮಾಯವಾಗಿ ಬೇರೆ ಎರಡು ಮೂರು ಬೀಳುತ್ತವೆ. ಅಷ್ಟು ಸೋರಿಕೆ ಲೆಕ್ಕಕ್ಕಿಲ್ಲ.

ಮೊದಲ ಸರದಿ

ಎಲ್ಲ ಕಟ್ಟಿದ ಮೇಲೆ ಗಡಿಯಾರಕ್ಕೆ ಮರಳು ಹಾಕುವ ಮೊದಲು ಉರುವಲು ಪೆಟ್ಟಿಗೆಗೆ 6 ಕಲ್ಲಿದ್ದಲು ಹಾಕಿ. 7200 ಮಾನಾ, ಒಂದು ಬೆಳೆಗೆ ಸಾಕಾಗಿ ಮಿಗುತ್ತದೆ. ಮಡಿ ತುಂಬುವುದನ್ನು ಕಣ್ಣಾರೆ ನೋಡಿ: ಪೂಲ್‌ನಲ್ಲಿ ಮಾನಾ ಇದ್ದೂ ತುಂಬ ಹೊತ್ತಿನ ಮೇಲೂ ಒಂದು ಸಾಲಿಗೆ ಸಾಲೇ ಖಾಲಿ ಉಳಿದಿದ್ದರೆ ಅದು ಅಮರಾಂಥಸ್‌ನ ಕೈಗೆ ಎಟುಕುತ್ತಿಲ್ಲ, ದಿಬ್ಬದ ಜಾಗ ಎಣಿಸಿ ನೋಡಿ. ಆಮೇಲೆ ಸೋಲ್ ಸ್ಯಾಂಡ್ ಹಾಕಿ. ನೀರು ಬಂದಾಗ ದಿಬ್ಬದ ಹಿಂದಿನ ಮೂರು ಜಾಗಕ್ಕೆ ಪಕ್ಕದಿಂದ ತಿರುಗಿ ನೀರು ಹೋಗುತ್ತದೆ, ಅಲ್ಲಿನ ಹೂ ತುಸು ತಡವಾಗಿ ಸಾಗುತ್ತದೆ.

ಗಂಟೆಗೆ 6 ಬೆಳೆ, ಹೆಚ್ಚೆಂದರೆ 318 ಹೂ. ಹದಿನಾರು ಬಣ್ಣ ಯಾವ ಕ್ರಮವೂ ಇಲ್ಲದೆ ಬರುತ್ತವೆ. ಒಂದೇ ಬಣ್ಣ ಬೇಕೆಂದು ಕಾಯುವವರಿಗೆ ಇದು ನಿಧಾನವೆನಿಸಬಹುದು, ಎಲ್ಲ ಬಣ್ಣವೂ ಮನೆಯಲ್ಲಿರಲಿ ಎನ್ನುವವರಿಗೆ ಇದಕ್ಕಿಂತ ನಂಬಿಕೆಯ ತೋಟವಿಲ್ಲ. ನೀರಿನಿಂದ ಮಾನಾ ಮಾಡುವ ಹೈಡ್ರೋಆಂಜಿಯಸ್ ಹೂ ಹಾಕಿ ಸುಲಭದಲ್ಲಿ ಮುಗಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಅದು ಆಟದ ಮೂರು ದಿನಕ್ಕೆ, ನಮ್ಮ ಒಂದು ಗಂಟೆಗೆ, ಬಾಡಿಹೋಗುತ್ತದೆ.

ಈ ಪೂಲ್‌ನಿಂದ ರೂನ್ ಮಾಡಲು, ಉಪಕರಣ ತುಂಬಿಸಲು ಮಾನಾ ಎತ್ತಬೇಡಿ. ಒಂದು ಸಲ ಎತ್ತಿದರೆ ಮುಂದಿನ ಎರಡು ಮೂರು ಬೆಳೆ ಅರೆಬರೆಯಾಗುತ್ತದೆ. ಕಾಲುವೆಗೆ ಕಳ್ಳ ಪೈಪ್ ಹಾಕಿದ ಹಾಗೆ. ಆ ಕೆಲಸಕ್ಕೆ ಬೇರೆ ಒಲೆ, ಬೇರೆ ಪೂಲ್ ಇರಲಿ.

ಬಿದಿರು ಬೆಳೆಯುವುದು ಆಟಗಾರನಿಂದ 128 ಬ್ಲಾಕ್‌ನೊಳಗೆ ಮಾತ್ರ. ಹಳೆಯ ಲ್ಯಾಪ್‌ಟಾಪ್ ಬಿಸಿಯಾಗದಿರಲೆಂದು ಸಿಮ್ಯುಲೇಷನ್ ಡಿಸ್ಟನ್ಸ್ (ಸುತ್ತ ಎಷ್ಟು ಚಂಕ್‌ವರೆಗೆ ಆಟ ನಡೆಯಬೇಕೆಂಬ ಸೆಟ್ಟಿಂಗ್) 5ಕ್ಕೆ ಇಳಿಸಿದ್ದರೆ ಆ ಅಂತರ ಇನ್ನೂ ಕಿರಿದಾಗುತ್ತದೆ, 60 ಬ್ಲಾಕ್‌ನೊಳಗೆ ಮನೆ ಕಟ್ಟಿಕೊಳ್ಳಿ. ಮೆಳೆ ನಿಮ್ಮಿಂದ ದೂರವಾಗಿ ಹೂಮಡಿ ಮಾತ್ರ ಹತ್ತಿರವಿದ್ದರೆ ಖರ್ಚು ನಡೆಯುತ್ತದೆ, ಆದಾಯ ನಿಲ್ಲುತ್ತದೆ. ಹಾಗಾಗಿ ಎರಡೂ ಒಂದೇ ಕಡೆ ಇರಬೇಕು. ರಾಯಚೂರಿನ ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಡೆಸ್ಕ್‌ಟಾಪ್‌ನಲ್ಲಿ ಯುಪಿಎಸ್ ಇಲ್ಲದೆ ಆಡುವವರು ಸೇವ್ಸ್ ಫೋಲ್ಡರ್‌ನಲ್ಲಿರುವ ತಮ್ಮ ಲೋಕವನ್ನು ವಾರಕ್ಕೊಮ್ಮೆ ಬೇರೆಡೆ ಕಾಪಿ ಮಾಡಿಡಿ. ಕರೆಂಟ್ ಹೋಗಿ ಬಂದ ಮೇಲೆ ಮೊದಲು ನೋಡಬೇಕಾದದ್ದು ಒಂಬತ್ತು ಡಿಸ್ಪೆನ್ಸರ್‌ಗಳನ್ನು: ಎಲ್ಲದರಲ್ಲೂ ನೀರಿನ ಬಕೆಟ್ ಇರಬೇಕು, ಇಲ್ಲವೇ ಎಲ್ಲದರಲ್ಲೂ ಖಾಲಿ ಬಕೆಟ್ ಇರಬೇಕು.